ಮಹಾವೀರಾಚಾರ್ಯರ ಸಂಖ್ಯಾಹಾರ

12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಈ ಸಂಖ್ಯೆ ಒಂದೇ. ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಪ್ರತ್ಯುತ್ಪನ್ನ, ಎಂದರೆ ಗುಣಾಕಾರದ ಭಾಗದಲ್ಲಿ 27994681ನ್ನು 441ರಿಂದ ಗುಣಿಸಲು ಹೇಳಿ ಇದನ್ನು ಪಡೆಯುತ್ತಾರೆ. ಇಂತಹ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ.

ಹಾರವನ್ನು ಬಿಚ್ಚಿದಾಗಲೇ ಅದನ್ನು ಪೋಣಿಸಿದ ಕೈ ಕಾಣುವುದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಹಾಗಾಗಿ ನಮ್ಮ ಸಂಖ್ಯೆ ಆರು ಒಂದುಗಳ ವರ್ಗವೇ. 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಬಾರಿ ಸೇರಿ ಅದನ್ನು ಕಟ್ಟಿವೆ. ಮೊದಲೆರಡರ ವರ್ಗಗಳು ಗುಣಕದಲ್ಲಿ, ಉಳಿದ ಮೂರರವು ಗುಣ್ಯದಲ್ಲಿ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳನ್ನು ಬರಿಸಿದವರೂ ಅವರೇ.

ಅದೇ ಆಸ್ಥಾನದ ‘ಕವಿರಾಜಮಾರ್ಗ’ವನ್ನು ಕನ್ನಡ ಎಂ.ಎ. ತರಗತಿಗಳಲ್ಲಿ ವಾರಗಟ್ಟಲೆ ಓದಿಸುವ ನಾವು ಈ ಗ್ರಂಥವನ್ನು ಹೆಸರು ಹೇಳಿ ದಾಟಿಬಿಡುತ್ತೇವೆ. ಅದು ಸಂಸ್ಕೃತದ್ದು ಎಂಬ ನೆಪ ಸಾಲದು. ಜಿನಸೇನರ ಪೂರ್ವಪುರಾಣವನ್ನು ಬದಿಗಿಟ್ಟು ಪಂಪನ ಆದಿಪುರಾಣವನ್ನು ಪಾಠ ಹೇಳುವವರುಂಟೇ? ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನ ಜೊತೆಗಿಟ್ಟು ಈ ಕೆಲವು ಪದ್ಯಗಳನ್ನಾದರೂ ಓದಿಸಬೇಕು. ಎಂಟಂಕಿಯ ಸಂಖ್ಯೆಯೊಂದು ಛಂದಸ್ಸಿನೊಳಗೆ ಹೇಗೆ ಕುಳಿತಿತೆಂಬ ಪ್ರಶ್ನೆಯನ್ನು ಗಣಿತ ವಿಭಾಗದವರು ಕೇಳಲಿಕ್ಕಿಲ್ಲ; ನಾವು ಕೇಳಬೇಕು.