ಗಾಜು ಹಳೆಯದಿರಲಿ, ಅಂಟು ಹೊಸದಿರಲಿ!

ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಅಟ್ಟದಿಂದ ಏನೇನೆಲ್ಲಾ ಇಳಿಯುತ್ತೆ ಅಲ್ವಾ? ನಮ್ಮ ಮನೆಯಲ್ಲಿ ಇಳಿದದ್ದು ಹಳೇ ಶೋಕೇಸಿನ ಗಾಜುಗಳು. ಪೇಪರ್, ಕಬ್ಬಿಣ ಅಂದ್ರೆ ಓಡಿ ಬರುವ ಗುಜರಿಯವನು ಗಾಜು ಅಂದ ಕೂಡಲೇ ಮುಖ ತಿರುಗಿಸಿದ. ಕಸದ ಗಾಡಿಗೆ ಹಾಕೋಣವೆಂದರೆ ಪೌರಕಾರ್ಮಿಕರ ಕೈ ಕುಯ್ದೀತೆಂಬ ಭಯ. ಆಗ ಮಗರಾಯ, 'ಅಮ್ಮಾ, ಇದರಲ್ಲೇ ಅಕ್ವೇರಿಯಂ ಮಾಡೋಣ' ಅಂದ. ಯಜಮಾನರೂ ಅವನ ಜೊತೆ ಸೇರಿಕೊಂಡರು.

ಒಂದೇ ಭಾನುವಾರದಲ್ಲಿ ತೊಟ್ಟಿ ಸಿದ್ಧ! ಬಾತ್‌ರೂಮ್ ರಿಪೇರಿಗೆ ತಂದು ಉಳಿದಿದ್ದ ಸಿಲಿಕೋನ್‌ನಲ್ಲೇ ಅಂಟಿಸಿದ್ದಾಯಿತು. ಮರುದಿನವೇ ನೀರು, ಸಂಜೆಗೆ ಮೂರು ಗಪ್ಪಿ ಮೀನು. ಬುಧವಾರ ಬೆಳಿಗ್ಗೆ ಮೂರೂ ತೇಲುತ್ತಿದ್ದವು. ಮಗ ತಿಂಡಿಯನ್ನೂ ಮುಟ್ಟದೆ ಸ್ಕೂಲಿಗೆ ಹೋದ. ಉಳಿಸಿದ ನೂರಾರು ರೂಪಾಯಿ ನೆನೆದು ನನಗೇ ನಾಚಿಕೆಯಾಯಿತು.

ಹಳೇ ಗಾಜಿನ ಅಕ್ವೇರಿಯಂ ಬೇಡ ಅಂತ ಖಂಡಿತಾ ನಾನು ಹೇಳೋಲ್ಲ. ಹಳೇ ಸೀರೆಯಿಂದ ಕೌದಿ ಹೊಲಿಯುವವರು ನಾವು. ಆದರೆ ಕೌದಿಯನ್ನು ಲಡ್ಡು ಹಿಡಿದ ದಾರದಿಂದ ಹೊಲಿಯುತ್ತೇವೆಯೇ? ಉಳಿತಾಯ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಅನ್ನೋ ವಿವೇಕ ಇಲ್ಲಿಯೂ ಬೇಕು.

ಮೊದಲು ಗಾಜು ನೋಡಿ. ಕಾರಿನ ಪಕ್ಕದ ಕಿಟಕಿ, ಗ್ಯಾಸ್ ಸ್ಟೌ ಮೇಲಿನ ಗಾಜು, ಹಲವು ಫ್ರಿಜ್‌ಗಳ ತಟ್ಟೆಗಳು ಟಫನ್ಡ್ ಗಾಜಿನವು. ಕತ್ತರಿಸಲು ಹೋದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತವೆ. ಶೋಕೇಸಿನ ಸಾದಾ ಗಾಜು ವಾಸಿ, ಆದರೆ ಗೀರು, ಬಿರುಕು ಇರಬಾರದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವ ನೀರು ಸುಮಾರು 55 ಲೀಟರ್. ಅಂದ್ರೆ 25 ಕೆಜಿಯ ಎರಡು ಅಕ್ಕಿ ಮೂಟೆಗಿಂತ ಹೆಚ್ಚು ತೂಕ! ಇದಕ್ಕೆ 6 ಮಿ.ಮೀ. ದಪ್ಪದ ಗಾಜು ಬೇಕು. ಕಿಟಕಿಯ 4 ಮಿ.ಮೀ. ಗಾಜಾದರೆ ಒಂದೂವರೆ ಅಡಿ ಉದ್ದ, ಒಂಬತ್ತು ಅಂಗುಲ ಎತ್ತರಕ್ಕೇ ತೃಪ್ತಿಪಡಿ. ಕತ್ತರಿಸುವ ಕೆಲಸ ಗಾಜಿನ ಅಂಗಡಿಯವರಿಗೇ ಬಿಡಿ, ಅಂಚನ್ನೂ ಉಜ್ಜಿಸಿಕೊಂಡು ಬನ್ನಿ.

ಜಿಪುಣತನ ಮಾಡಲೇಬಾರದ್ದು ಅಂಟಿನಲ್ಲಿ. ಬಾತ್‌ರೂಮಿನ ಸಿಲಿಕೋನ್‌ನಲ್ಲಿ ಬೂಷ್ಟು ತಡೆಯುವ ಔಷಧಿ ಸೇರಿಸಿರುವುದುಂಟು, ಅದು ಮೀನಿಗೆ ವಿಷ. ಅಕ್ವೇರಿಯಂಗೆಂದೇ ಬರೆದಿರುವ ಹೊಸ ಟ್ಯೂಬ್ ಕೊಳ್ಳಿ. ಹಳೇ ಸಿಲಿಕೋನ್ ಮೇಲೆ ಹೊಸದು ಕೂರುವುದಿಲ್ಲ, ಹಾಗಾಗಿ ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಸ್ಪಿರಿಟ್‌ನಿಂದ ಒರೆಸಿ. ಅಂಟಿಸಿದ ಮೇಲೆ ಒಂದು ವಾರ ಮುಟ್ಟಬೇಡಿ. ವಿನೆಗರ್‌ನಂಥ ವಾಸನೆ ಪೂರ್ತಿ ಹೋಗಬೇಕು. ಆಮೇಲೆ ಕೆಳಗೆ ಥರ್ಮಾಕೋಲ್ ಹಾಸಿ, ಬಾಲ್ಕನಿಯಲ್ಲೋ ಬಚ್ಚಲಲ್ಲೋ ಎರಡು ಮೂರು ದಿನ ನೀರು ತುಂಬಿಸಿಟ್ಟು ಸೋರುತ್ತಾ ನೋಡಿ. ಹಾಲಿನ ಸೋಫಾ ಪಕ್ಕದಲ್ಲಿ ಈ ಪರೀಕ್ಷೆ ಬೇಡ!

ಇನ್ನು ನೀರು. ನಲ್ಲಿ ನೀರನ್ನು ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಅಷ್ಟೇ ಸಾಲದು. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ಕಡಿಮೆ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ವಾರಗಳೇ ಬೇಕು. ಮೀನು ಸಾಕಿರುವ ಪರಿಚಯದವರಿದ್ದರೆ ಅವರ ಫಿಲ್ಟರ್‌ನ ಸ್ಪಂಜಿನ ತುಂಡು ಕೇಳಿ ತನ್ನಿ. ಅದೇ ಹೆಪ್ಪು! ಶುರುವಿಗೆ ಎರಡು ಮೂರು ಗಪ್ಪಿ ಸಾಕು.

ನಾವೂ ಎರಡನೇ ಸಲ ಹೀಗೇ ಮಾಡಿದೆವು. ಒಂದು ತಿಂಗಳು ಖಾಲಿ ನೀರು ನೋಡುತ್ತಾ ಕಾದ ಮಗ ಈಗ ಮೀನಿಗೆ ಆಹಾರವನ್ನೂ ಚಿಟಿಕೆಯಲ್ಲಿ ಅಳೆದು ಹಾಕುತ್ತಾನೆ. ರೆಡಿಮೇಡ್ ತೊಟ್ಟಿ ತಂದಿದ್ದರೆ ಈ ತಾಳ್ಮೆ ಬರುತ್ತಿತ್ತೇ? ಅಟ್ಟದ ಗಾಜು ಕಸವಲ್ಲ, ನಿಜ. ಹಾಗೇ ಹತ್ತು ರೂಪಾಯಿಯ ಮೀನೂ ಆಟಿಕೆಯಲ್ಲ. ಏನಂತೀರಿ?