ಚೋಳಮಂಡಲದ ಗೋಡೆ: ಹೊರನಾಡ ಕನ್ನಡಕ್ಕೊಂದು ಪಾಠ

ಹೊರನಾಡಿನ ಕನ್ನಡ ಬದುಕಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಘ ಸಂಸ್ಥೆ, ಶಾಲೆ, ಪತ್ರಿಕೆ, ನಾಟಕ, ಯಕ್ಷಗಾನಗಳ ದಾಖಲೆಯನ್ನು ಶ್ರದ್ಧೆಯಿಂದ ಕಲೆಹಾಕುತ್ತಾರೆ. ಸಾಹಿತಿಗಳಿಗೆ ಅಲ್ಲಿ ಸಹಜವಾಗಿಯೇ ಅಗ್ರಸ್ಥಾನ. ಅದೇ ನಗರಗಳಲ್ಲಿ ಕುಂಚ ಹಿಡಿದು ಬದುಕಿದ ಕನ್ನಡಿಗರ ವಿಷಯ ಬಂದಾಗ ಮಾತ್ರ ಈ ಚರಿತ್ರೆ ಒಂದೆರಡು ಹೆಸರು ಹೇಳಿ ಮುಂದೆ ಸಾಗುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಅಖಿಲ ಭಾರತ ಖ್ಯಾತಿ ಪಡೆದ ಕೆ.ಕೆ. ಹೆಬ್ಬಾರರನ್ನು (1911–1996) ಎಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ. ಅವರ ಒಂದು ಚಿತ್ರದ ಮುಂದೆ ನಿಂತು ಅದನ್ನು ಕನ್ನಡದಲ್ಲಿ ವಿವರಿಸಬಲ್ಲವರು ವಿರಳ. ಕಲಾವಿದನಿಗೆ ಗೌರವ ಸಲ್ಲುತ್ತದೆ, ಕಲೆಗೆ ಜಾಗ ಸಿಗುವುದಿಲ್ಲ. ಈ ಅಂತರವನ್ನು ತುಂಬುವ ಬಗೆಯನ್ನು ಯೋಚಿಸುವವರಿಗೆ ಚೆನ್ನೈ ಸಮೀಪದ ಚೋಳಮಂಡಲ ಕಲಾವಿದರ ಗ್ರಾಮವು ಒಂದು ಒಳ್ಳೆಯ ನಿದರ್ಶನ.

ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ (1911–1977) ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಶಾಲೆಯಿಂದ ಹೊರಬಿದ್ದ ಪ್ರತಿಭಾವಂತರು ಜೀವನೋಪಾಯಕ್ಕಾಗಿ ಯಾವುದಾದರೊಂದು ನೌಕರಿ ಹಿಡಿದು ಕ್ರಮೇಣ ಚಿತ್ರ ಬರೆಯುವುದನ್ನೇ ಬಿಡುತ್ತಿದ್ದರು. ಕಲೆಯನ್ನು ಕೊಳ್ಳುವವರು ಆ ನಗರದಲ್ಲಿ ಬೆರಳೆಣಿಕೆಯಷ್ಟು. ಸರ್ಕಾರದ ನೆರವಿಗೋ ಧನಿಕರ ಔದಾರ್ಯಕ್ಕೋ ಕಾದು ಕುಳಿತರೆ ಒಂದು ಪೀಳಿಗೆಯೇ ಕಳೆದುಹೋಗುವ ಭಯವಿತ್ತು. ಪಣಿಕ್ಕರ್ ಮತ್ತು ಅವರ ಶಿಷ್ಯರು ಕಂಡುಕೊಂಡ ದಾರಿ ಸರಳವಾದುದು. ಬಟ್ಟೆಯ ಮೇಲೆ ಮೇಣವಿಟ್ಟು ಬಣ್ಣ ಹಾಕುವ ಬಾಟಿಕ್ ಮೊದಲಾದ ಕೈಕೆಲಸಗಳನ್ನು ಮಾಡಿ ಮಾರಿದರು. ಆ ಹಣದಿಂದ ಮದರಾಸಿನ ದಕ್ಷಿಣಕ್ಕೆ, ಕಡಲ ಬದಿಯ ಇಂಜಂಬಾಕ್ಕಂನಲ್ಲಿ ಮರಳುನೆಲವನ್ನು ಕೊಂಡರು. 1966ರಲ್ಲಿ ಅಲ್ಲಿ ಕಲಾವಿದರ ಊರೊಂದು ಹುಟ್ಟಿತು. ವಾಸದ ಮನೆ, ಕೆಲಸದ ಕೊಠಡಿ, ಚಿತ್ರ ತೂಗುಹಾಕುವ ಗೋಡೆ ಎಲ್ಲವೂ ದುಡಿದವರದೇ ಆದವು.

ಕೈಕೆಲಸವು ಕಲೆಯನ್ನು ಕೆಳಗಿಳಿಸುತ್ತದೆ, ಸಂತೆಯ ಸರಕನ್ನು ತಯಾರಿಸಿದ ಕೈ ಉನ್ನತವಾದುದನ್ನು ಸೃಷ್ಟಿಸಲಾರದು ಎಂಬ ಆಕ್ಷೇಪವೊಂದುಂಟು. ಚೋಳಮಂಡಲದ ಅನುಭವ ಇದಕ್ಕೆ ವಿರುದ್ಧವಾಗಿದೆ. ಎಸ್. ನಂದಗೋಪಾಲರ ಲೋಹಶಿಲ್ಪಗಳಲ್ಲಿ ತಗಡನ್ನು ಬಡಿದು ಬೆಸೆಯುವ ಕಸುಬುದಾರನ ಕೈಚಳಕವೇ ಶಿಲ್ಪಿಯ ಕಲ್ಪನೆಗೆ ಮೈಯನ್ನು ಕೊಟ್ಟಿತು. ದೇಗುಲದ ಶಿಲ್ಪಿ, ಕಂಚುಗಾರ, ನೇಕಾರರನ್ನು ಕಲಾವಿದರಿಂದ ಬೇರ್ಪಡಿಸಿ ನೋಡದ ಪರಂಪರೆಯುಳ್ಳ ನಾಡಿಗೆ ಇದು ಹೊಸ ಮಾತೂ ಅಲ್ಲ.

ಈ ಊರಿಗೂ ಕನ್ನಡಕ್ಕೂ ಇರುವ ನಂಟು ಆಕಸ್ಮಿಕವಾದುದಲ್ಲ. ಚೋಳಮಂಡಲವನ್ನು ಕಟ್ಟಿದ ಮೊದಲ ತಂಡದಲ್ಲಿ 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಒಬ್ಬರು. ಮದರಾಸಿಗೆ ಕಲಿಯಲು ಹೋದ ಅವರು, ಕಲಾವಿದೆಯಾಗಿದ್ದ ಪತ್ನಿ ಅರ್ನವಾಜ್ ಅವರೊಡನೆ ಬಹುಕಾಲ ಅಲ್ಲಿಯೇ ನೆಲೆಸಿ ವರ್ಣಚಿತ್ರ, ರೇಖಾಚಿತ್ರ, ತಾಮ್ರದ ಉಬ್ಬುಚಿತ್ರಗಳಲ್ಲಿ ಕೆಲಸ ಮಾಡಿದರು. ‘ವೃಕ್ಷ’ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಚಿಗುರಿದ ವಸ್ತು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ (1970) ಚಿತ್ರದ ಕಲಾನಿರ್ದೇಶನ ವಾಸುದೇವ್ ಅವರದೇ. ಆ ಚಿತ್ರದಲ್ಲಿ ಪ್ರಾಣೇಶಾಚಾರ್ಯನ ಪಾತ್ರ ವಹಿಸಿದ ಗಿರೀಶ ಕಾರ್ನಾಡರು 1960ರ ದಶಕದಲ್ಲಿ ಮದರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದವರು. ಕನ್ನಡ ಚಿತ್ರರಂಗದ ದಿಕ್ಕನ್ನು ಬದಲಿಸಿದ ಕೃತಿಯೊಂದಕ್ಕೆ ಹೊರನಾಡಿನ ನಗರದ ಈ ಒಡನಾಟ ನೆಲೆಯಾಯಿತೆಂಬುದು ಗಮನಾರ್ಹ. ‘ಸಂಸ್ಕಾರ’ವನ್ನು ಕುರಿತು ಕನ್ನಡದಲ್ಲಿ ನಡೆದ ಚರ್ಚೆ ಅಪಾರ, ಆದರೆ ಆ ಅಗ್ರಹಾರದ ದೃಶ್ಯರೂಪವನ್ನು ಕಲ್ಪಿಸಿದ ಕಣ್ಣು ಎಲ್ಲಿ ಪಳಗಿತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಭಾಷೆಯ ವಿದ್ಯಾರ್ಥಿಗೆ ಚೋಳಮಂಡಲದಲ್ಲಿ ಇನ್ನೂ ಒಂದು ಆಕರ್ಷಣೆಯಿದೆ. ಪಣಿಕ್ಕರ್ ಅವರು 1963ರ ಸುಮಾರಿನಲ್ಲಿ ಆರಂಭಿಸಿದ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆಯಲ್ಲಿ ಜಾತಕದ ಕುಂಡಲಿ, ಗಣಿತದ ಚಿಹ್ನೆ, ಮಲಯಾಳ ಲಿಪಿಯನ್ನು ಹೋಲುವ ಸಾಲುಗಳು ತುಂಬಿವೆ. ಓದಲು ಹೊರಟವನಿಗೆ ಅವು ಅರ್ಥವನ್ನು ಕೊಡುವುದಿಲ್ಲ, ನೋಡುವವನಿಗೆ ಲಯವನ್ನು ಕೊಡುತ್ತವೆ. ಅಕ್ಷರವು ಅರ್ಥದ ಹೊರೆಯನ್ನು ಇಳಿಸಿ ಆಕಾರವಾಗಿ ನಿಲ್ಲುವ ಈ ಬಗೆಯನ್ನು, ಶಾಸನಗಳ ಲಿಪಿಯನ್ನು ಅಭ್ಯಾಸ ಮಾಡುವ ಕನ್ನಡ ವಿಭಾಗಗಳು ತಮ್ಮದೇ ದೃಷ್ಟಿಯಿಂದ ಚರ್ಚಿಸಬಹುದಾಗಿದೆ.

ಚೋಳಮಂಡಲವನ್ನು ಎಲ್ಲೆಡೆ ಹಾಗೆಯೇ ನಕಲು ಮಾಡಲಾಗದು. ಒಬ್ಬ ಗುರು, ಒಂದೇ ಶಾಲೆಯ ಶಿಷ್ಯರು, ಅಂದು ಅಗ್ಗವಾಗಿದ್ದ ನೆಲ, ಇವು ಮೂರೂ ಒಂದೆಡೆ ಕೂಡಿಬರುವುದು ಅಪೂರ್ವ. ಇಂದು ಅದೇ ಕಡಲ ರಸ್ತೆಯ ನೆಲವನ್ನು ತರುಣ ಕಲಾವಿದನೊಬ್ಬ ಕನಸಿನಲ್ಲಿಯೂ ಕೊಳ್ಳಲಾರ. ಆದರೂ ಅಲ್ಲಿಯ ತತ್ತ್ವವೊಂದನ್ನು ಎಲ್ಲಿ ಬೇಕಾದರೂ ಅನ್ವಯಿಸಬಹುದು. ನಗರದ ದೊಡ್ಡ ಗ್ಯಾಲರಿ ಕೊಳ್ಳುವವನನ್ನು ನೆನೆದು ಚಿತ್ರಗಳನ್ನು ಆರಿಸುತ್ತದೆ. ಸಮುದಾಯದ ಚಿಕ್ಕ ಗ್ಯಾಲರಿಯಲ್ಲಿ ಬರೆದವನೂ ನೋಡುವವನೂ ಒಂದೇ ನೆರೆಯವರು. ಅಲ್ಲಿ ಸಾಧಾರಣ ಚಿತ್ರಗಳೂ ತೂಗಬಹುದು. ಆದರೆ ಎಡವಿ ಕಲಿಯಲು ಅವಕಾಶವಿಲ್ಲದ ಕಡೆ ಅಸಾಧಾರಣವೂ ಹುಟ್ಟುವುದಿಲ್ಲ. ಚೋಳಮಂಡಲವು 2009ರಲ್ಲಿ ಮದ್ರಾಸ್ ಕಲಾಚಳವಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದಾಗ, ನಾಲ್ಕು ದಶಕ ಒಂದೆಡೆ ನಿಂತು ದುಡಿದವರಿಗೆ ತಮ್ಮ ಚರಿತ್ರೆಯನ್ನು ತಾವೇ ಸಂರಕ್ಷಿಸುವ ಶಕ್ತಿಯೂ ಬರುತ್ತದೆ ಎಂಬುದು ಸಿದ್ಧವಾಯಿತು.

ಹೊರನಾಡಿನ ಕನ್ನಡ ಸಂಘಗಳಿಗೆ ಸಭಾಂಗಣ ಕಟ್ಟಿದ ಅನುಭವವಿದೆ, ಕಲಾಭಿಮಾನಿಗಳ ಬಳಗವಿದೆ. ಆ ಸಭಾಂಗಣದ ಒಂದು ಗೋಡೆಯನ್ನು ವರ್ಷವಿಡೀ ಊರಿನ ಕನ್ನಡ ಚಿತ್ರಕಾರರಿಗೆ ಬಿಟ್ಟುಕೊಡುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಶಾಲು, ಹಾರ, ಫಲತಾಂಬೂಲಗಳಿಂದ ಕಲಾವಿದನನ್ನು ಸನ್ಮಾನಿಸುವುದು ಒಳ್ಳೆಯದೇ. ಅವನ ಒಂದು ಚಿತ್ರವನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದು ಅದಕ್ಕಿಂತ ದೊಡ್ಡ ಸನ್ಮಾನ. ಚೋಳಮಂಡಲದವರು ಬಯಸಿದ್ದು ದಾನವನ್ನಲ್ಲ, ದುಡಿಮೆಗೆ ತಕ್ಕ ಬೆಲೆಯನ್ನು.

ವಿಶ್ವವಿದ್ಯಾನಿಲಯಗಳ ಪಾಲಿನ ಹೊಣೆ ಬೇರೆಯದು. ಭಾರತೀಯ ಚಿತ್ರಕಲೆಯನ್ನು ಕುರಿತು ಶಿವರಾಮ ಕಾರಂತರಂಥವರು ಕನ್ನಡದಲ್ಲಿ ಗ್ರಂಥ ರಚಿಸಿ ದಾರಿ ಹಾಕಿಕೊಟ್ಟಿದ್ದಾರೆ. ಅದನ್ನು ಮುಂದುವರಿಸಬೇಕಾದವರು ಇಂದಿನ ಸಂಶೋಧಕರು. ಕವಿಯೊಬ್ಬನ ಹಸ್ತಪ್ರತಿಗಾಗಿ ಊರೂರು ಅಲೆಯುವ ವಿದ್ಯಾರ್ಥಿ, ತನ್ನದೇ ನಗರದ ಬಾಡಿಗೆ ಕೋಣೆಯಲ್ಲಿ ಚಿತ್ರ ಬರೆಯುತ್ತಿರುವ ಕನ್ನಡಿಗನ ಬಾಗಿಲನ್ನೂ ತಟ್ಟಬೇಕು. ಅವನ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕು, ಚಿತ್ರಗಳ ಪಟ್ಟಿ ಮಾಡಬೇಕು, ಅವು ಯಾರ ಮನೆ ಸೇರಿದವೆಂದು ವಿಚಾರಿಸಬೇಕು. ಕವಿತೆ ಅಚ್ಚಾದರೆ ನೂರು ಕಡೆ ಉಳಿಯುತ್ತದೆ. ಚಿತ್ರ ಇರುವುದು ಒಂದೇ. ಅದು ತೇವಕ್ಕೋ ಗೆದ್ದಲಿಗೋ ಸಿಕ್ಕಿ ಹಾಳಾದ ಮೇಲೆ ಬರೆಯುವ ಶ್ರದ್ಧಾಂಜಲಿ ಲೇಖನದಿಂದ ಯಾರಿಗೂ ಪ್ರಯೋಜನವಿಲ್ಲ.