ಬಿಟ್ಟ ಚೆಂಡಿಗೂ ಕಿಮ್ಮತ್ತದ

ಹೊಡಿಯೂದು ಎಲ್ಲಾರಿಗೂ ಕಾಣಸ್ತದ, ಬಿಡೂದು ಯಾರಿಗೂ ಕಾಣಸಂಗಿಲ್ಲ. ಅಮೇರಿಕಾದ ಬೇಸ್‌ಬಾಲ್ ಆಟದಾಗೂ ಭಾಳ ವರ್ಷ ಇದ ಕತಿ ನಡದಿತ್ತು ನೋಡ್ರಿ. ಇಕಿಗ್ಯಾಕ ಬೇಕು ಆ ಉಸಾಬರಿ ಅನಬ್ಯಾಡ್ರಿ. ಮಗ ಅಲ್ಲೆ ಇದ್ದಾನ, ಹೋದಾಗೆಲ್ಲಾ ಟಿವಿಯೊಳಗ ನೋಡಿ ನೋಡಿ ಇಷ್ಟು ತಿಳಕೊಂಡೀನಿ.

ಪಿಚರ್ ಒಗದ ಚೆಂಡು 17 ಇಂಚಿನ ತಟ್ಟಿ ಮ್ಯಾಲೆ, ಆಡಾಂವನ ಮೊಣಕಾಲಿಂದ ಎದಿ ಕೆಳಗಿನ ತನಕ, ಅಷ್ಟರಾಗ ಬಂದ್ರ ಅದು ಖರೇ ಚೆಂಡು. ಹೊರಗ ಹೋದ್ರ ಬಿಡಬೇಕು. ಅಂಥಾವು 4 ಬಿಟ್ರ, ಹೊಡಿಲಾರದನ ಮೊದಲನೇ ಬೇಸಿಗೆ ನಡಕೋತ ಹೋಗಬಹುದು. ಅದಕ್ಕ ವಾಕ್ ಅಂತಾರ. ತಂಡಕ್ಕ 9 ಇನ್ನಿಂಗ್ಸಿಗೆ ಸಿಗೂವು 27 ಔಟ್. ತಿಂಗಳ ರೇಷನ್ ಇದ್ದಂಗ, ತೀರಿದ್ರ ತೀರಿತು. ಹಂಗಂದ ಮ್ಯಾಲೆ ಔಟ್ ಆಗಲಾರದ ಬೇಸ್ ಮುಟ್ಟಾಂವ ಮನಿ ಸಂಭಾಳಸಾಂವ ಅಲ್ಲೇನ್ರಿ?

ಆದ್ರ ಹಳೇ ಬ್ಯಾಟಿಂಗ್ ಸರಾಸರಿಯೊಳಗ ವಾಕ್ ಹೋದ ಸರದಿ ಲೆಕ್ಕಕ್ಕ ಇಲ್ಲ. ಅಂವ ಆಡಲಿಕ್ಕೇ ಬಂದಿಲ್ಲ ಅನ್ನೂಹಂಗ! ಎಡ್ಡಿ ಯೋಸ್ಟ್ ಅಂತ ಒಬ್ಬ ಇದ್ದ. ಸರಾಸರಿ ಬರೇ .254. ಆದ್ರ 1,614 ವಾಕ್ ಗಳಿಸಿದ್ದ; 100 ಸಲ ಬಂದ್ರ 39 ಸಲ ಬೇಸ್ ಮುಟ್ಟತಿದ್ದ. ಟೆಡ್ ವಿಲಿಯಮ್ಸ್ ಅಂತೂ ಹೊಡಿಯೂದರಾಗೂ ಮುಂದ, ಬಿಡೂದರಾಗೂ ಮುಂದ. ಇಡೀ ಆಟದ ಬಾಳಿನಾಗ ಬೇಸ್ ಮುಟ್ಟಿದ ಪ್ರಮಾಣ .482, ಇವತ್ತಿಗೂ ಅದನ್ನ ದಾಟಿದಾಂವ ಇಲ್ಲ. ಅಂಥಾವಂಗೂ, ರನ್ ಬೇಕಾದಾಗ ಹೊರಗಿನ ಚೆಂಡಿಗೆ ಬೀಸಂಗಿಲ್ಲ ಅಂತ ಮಂದಿ ಹೆಸರಿಟ್ರು. ಅಂವ ತನ್ನ ಹಟ ಬಿಡಲಿಲ್ಲ.

ಬೇಸ್ ಮುಟ್ಟೂ ಲೆಕ್ಕ ಅಧಿಕೃತ ಆಗಿದ್ದು 1984ರಾಗ. 2002ರಾಗ ರೊಕ್ಕ ಕಡಿಮಿ ಇದ್ದ ಓಕ್ಲಂಡ್ ತಂಡ ಇಂಥಾ ಆಟಗಾರರನ್ನ ಅಗ್ಗಕ್ಕ ತಂದು 103 ಪಂದ್ಯ ಗೆದ್ದಿತು, ಅದರಾಗ 20 ಬೆನ್ನಿಗೆ ಬೆನ್ನಿಗೆ. ಅವರ ಪಿಚರ್‌ಗಳೂ ಗಟ್ಟಿ ಇದ್ರು, ಅದೂ ಖರೇನ.

ಎರಡನೇ ಬೇಸಿನ್ಯಾಗ ಒಬ್ಬ ನಿಂತಾಗ ಒಂದು ಛಲೋ ಹೊಡತ ಅವನ್ನ ಮನಿಗೆ ತರತದ, ವಾಕ್ ತರಂಗಿಲ್ಲ ಅಂತೀರಿ. ಒಪ್ಪತೀನಿ. ಆದ್ರ ಮನಿಗೆ ಬರಲಿಕ್ಕೆ ಮೊದಲ ಒಬ್ಬರು ಬೇಸಿನ್ಯಾಗ ನಿಂತಿರಬೇಕಲ್ಲ?

ನಮ್ಮ ಕಡೆನೂ ಹಂಗ. 2011ರ ಜನಗಣತಿಯೊಳಗ ಬರೇ ಮನಿಗೆಲಸ ಮಾಡಾಕಿ ಹೆಸರು ಕೆಲಸ ಇಲ್ಲದವರ ಸಾಲಿನ್ಯಾಗ. ಬ್ಯಾಡಾದ್ದು ಕೊಳ್ಳದ ಉಳಿಸಿದ ರೊಕ್ಕ, ಸಿಟ್ಟಿನ್ಯಾಗ ಆಡದ ಬಿಟ್ಟ ಮಾತು, ಇವನ್ನ ಯಾರು ಬರಕೊಂಡಾರ? ಆ ಆಟದವರು ತಡಾ ಆದ್ರೂ ತಮ್ಮ ಲೆಕ್ಕ ತಿದ್ದಿಕೊಂಡ್ರು. ನಮ್ಮ ಮನ್ಯಾಗೂ ತಿದ್ದಿಕೋಬೇಕು ಅನ್ನೂದು ನನ್ನ ಮಾತು. ನಿಮಗ ಹೆಂಗ ಅನಸ್ತದ, ಹೇಳ್ರಿ.